ಮರ ಕಡಿದು ನೆಟ್ ಕೊಂಡವರ ಲೆಕ್ಕ

ಭಾಗ 1/9

ಶಿವರಾತ್ರಿ ಮುಗೀತು, ಚಳಿ ಶಿವ ಶಿವಾ ಅಂತ ಹೊರಟುಹೋಯ್ತು. ನಮ್ಮ ಶ್ರೀರಾಂಪುರದಲ್ಲಿ ಬೆಳಿಗ್ಗೆ ಹತ್ತಕ್ಕೇ ಬಿಸಿಲು ಚುರುಕ್ ಅನ್ನೋಕೆ ಶುರುವಾಗಿದೆ. ಕಾಲೇಜಿಗೆ ಬಸ್ ಹತ್ತೋ ಹೊತ್ತಿಗೇ ಶರ್ಟು ಬೆನ್ನಿಗೆ ಅಂಟ್ಕೊಂಡಿರುತ್ತೆ.

ಇನ್ನು ಎರಡು ತಿಂಗಳು ನಿಮ್ಮ ಫೀಡ್ ತುಂಬ ಒಂದೇ ಥರದ ರೀಲ್ಸ್ ಬರ್ತವೆ ನೋಡ್ತಾ ಇರಿ. "ಬೇಸಿಗೆಯಲ್ಲಿ ಗಿಡ ಉಳಿಸೋಕೆ ಐದು ಟ್ರಿಕ್ಸ್." ಹಸಿರು ನೆಟ್ ಕಟ್ಟಿ, ದಿನಕ್ಕೆರಡು ಸಲ ನೀರು ಹಾಕಿ, ಲಿಂಕ್ ಬಯೋದಲ್ಲಿದೆ. ನಾನೂ ಅದನ್ನೇ ನಂಬಿ ದುಡ್ಡು ಕಳ್ಕೊಂಡವನು. ಅದಕ್ಕೇ ಈ ಸಲದ ಸೀರೀಸ್ ಇದರ ಮೇಲೆ.

ಮೊದಲ ಫೋಟೋ ನಮ್ಮ ಹಿತ್ತಲದ್ದು. ಎಡಕ್ಕೆ ಬದನೆ, ಮೆಣಸಿನ ಗಿಡ, ಮಧ್ಯ ಸೊಪ್ಪಿನ ಮಡಿ, ಆ ಕಡೆ ಎರಡು ಸಾಲು ಟೊಮ್ಯಾಟೊ. ಪೂರ್ತಿ ಸೇರಿಸಿದ್ರೂ ಹನ್ನೆರಡು ಅಡಿಗೆ ಹತ್ತು ಅಡಿ ಜಾಗ. ಬಲಗಡೆ ಬರೀ ಸಿಮೆಂಟ್ ನೆಲ ಕಾಣ್ತಿದೆಯಲ್ಲ, ಅಲ್ಲಿ ಒಂದು ಹೊಂಗೆ ಮರ ಇತ್ತು. ಈಗಿಲ್ಲ. ಅದನ್ನ ಕಡಿಸಿದ್ದು ಯಾರು ಅಂತ ಎರಡನೇ ಭಾಗದಲ್ಲಿ ಹೇಳ್ತೀನಿ. ಹೇಳೋಕೆ ನಾಚಿಕೆ ಆಗುತ್ತೆ, ಆದ್ರೂ ಹೇಳ್ತೀನಿ.

ನನ್ನ ಅಭಿಪ್ರಾಯ ಮಾತ್ರ ಮೊದಲೇ ಹೇಳಿಬಿಡ್ತೀನಿ, ಒಪ್ಪದೇ ಇರೋರು ಇಲ್ಲಿಂದಲೇ ಜಗಳ ಶುರು ಮಾಡಬಹುದು. ಹಿತ್ತಲನ್ನ ಬಿಸಿಲಿಂದ ಕಾಪಾಡೋದು ನೀರಿನ ಕೆಲಸ ಅಲ್ಲ, ಮೊದಲು ಅದು ನೆರಳಿನ ಕೆಲಸ. ನೆರಳಿಲ್ಲದ ಹಿತ್ತಲಿಗೆ ಎಷ್ಟು ನೀರು ಸುರಿದ್ರೂ ಸಾಲಲ್ಲ. ಆ ಸಾಲದ ನೀರನ್ನ ಹೊತ್ತು ತರೋರು ಯಾರು ಅಂತ ಒಂದ್ಸಲ ನಿಮ್ಮನೆಲಿ ನೋಡಿ. ನಮ್ಮನೆಲಿ ಅಮ್ಮ. ನಿಮ್ಮನೆಲೂ ಬಹುಶಃ ಅಮ್ಮನೇ, ಇಲ್ಲಾಂದ್ರೆ ಅಕ್ಕ, ಅಜ್ಜಿ.

ಕ್ಯಾಪ್ಶನ್ ಉದ್ದ ಇದೆ ಅಂತ ಗೊತ್ತು. ಪರೀಕ್ಷೆ ಹತ್ರ ಬಂದಾಗ ಮಾತ್ರ ನೀವು ಇಷ್ಟುದ್ದ ಓದೋದು ಅಂತಲೂ ಗೊತ್ತು. ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

ಭಾಗ 2/9

2024ರ ಜನವರಿ. ನಾನು ಆಗ ಸೆಕೆಂಡ್ ಪಿಯುಸಿ. ಮನೆಗೆ ಸುಣ್ಣ ಬಣ್ಣ ಮಾಡಿಸೋ ಹೊತ್ತಲ್ಲಿ ಅಪ್ಪ ಹಿತ್ತಲ ಒಂದು ಭಾಗಕ್ಕೆ ಕಾಂಕ್ರೀಟ್ ಹಾಕಿಸೋಣ ಅಂದ್ರು. ಅಡ್ಡ ಇದ್ದಿದ್ದು ಹೊಂಗೆ ಮರ. ಅಪ್ಪ ಎರಡು ಮನಸ್ಸಲ್ಲಿ ಇದ್ರು. ಒಂದೇ ಮನಸ್ಸಲ್ಲಿ ಇದ್ದವನು ನಾನು.

ನನ್ನ ವಾದ ಕೇಳಿ. ಒಂದು, ಎಲೆ ಉದುರಿ ಕಸ ಆಗುತ್ತೆ. ಎರಡು, ಹೂವು ಉದುರಿ ಇನ್ನೂ ಕಸ ಆಗುತ್ತೆ. ಮೂರು, ಬೈಕ್ ನಿಲ್ಲಿಸೋಕೆ ಜಾಗ ಬೇಕು. ಆಗ ನನ್ನ ಹತ್ರ ಬೈಕೇ ಇರಲಿಲ್ಲ. ಪಿಯುಸಿ ಪಾಸಾದ್ರೆ ಕೊಡಿಸ್ತೀನಿ ಅಂತ ಮಾವ ಹೇಳಿದ್ದರು, ಅಷ್ಟೇ.

ಅಜ್ಜಿ ಒಬ್ಬರೇ ಬೇಡ ಅಂದಿದ್ದು. ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕ್ಕೋತಾ, "ಬ್ಯಾಡ ಕಣ್ಲಾ. ಪಡುವಲ ಬಿಸ್ಲು ತಡೆಯೋದು ಅದೊಂದೇ" ಅಂದ್ರು. ಪಡುವಲ ಅಂದ್ರೆ ಪಶ್ಚಿಮ. ನಾನು ನಕ್ಕೆ. ಬಿಸಿಲಿಗೆ ಪೂರ್ವ ಪಶ್ಚಿಮ ಏನಜ್ಜಿ, ಬಿಸಿಲು ಬಿಸಿಲೇ ಅಂದೆ. ಅಜ್ಜಿ ಮುಂದೆ ಮಾತಾಡಲಿಲ್ಲ.

ಒಂದು ದಿನದಲ್ಲಿ ಮರ ಹೋಯ್ತು. ಸೌದೆ ಎರಡು ತಿಂಗಳು ಬಂತು. ಹೊಂಗೆ ನೆರಳು ತಾಯಿ ಮಡಿಲು ಅಂತ ನಮ್ಮ ಕಡೆ ಒಂದು ಮಾತಿದೆಯಲ್ಲ, ಅದು ಮದುವೆ ಮನೆ ಭಾಷಣದ ಮಾತು ಅಂದ್ಕೊಂಡಿದ್ದೆ. ಆ ವರ್ಷದ ಏಪ್ರಿಲ್‌ನಲ್ಲಿ ಅದು ಲೆಕ್ಕದ ಮಾತು ಅಂತ ಗೊತ್ತಾಯ್ತು.

ಆ ಬೇಸಿಗೆ ನಿಮಗೆಲ್ಲ ನೆನಪಿರಬೇಕು. ಹಿಂದಿನ ವರ್ಷ, 2023ರಲ್ಲಿ, ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಅಂತ ಘೋಷಿಸಿತ್ತು. ಆಮೇಲೆ ಬಂದಿದ್ದು 2024ರ ಬಿಸಿಲು. ತಂಪು ಊರು ಅಂತ ಹೆಸರಾದ ಬೆಂಗಳೂರಲ್ಲೇ ಏಪ್ರಿಲ್ 28ಕ್ಕೆ 38.5 ಡಿಗ್ರಿ. ಇನ್ನು ಚಿತ್ರದುರ್ಗ ಜಿಲ್ಲೆಯ ಬಯಲು ಸೀಮೆ ಕತೆ ಕೇಳಬೇಕಾ?

ನಮ್ಮ ಹಿತ್ತಲಲ್ಲಿ ಮೊದಲು ಹೋಗಿದ್ದು ಕೊತ್ತಂಬರಿ. ಆಮೇಲೆ ಟೊಮ್ಯಾಟೊ ಹೂವು ಒಂದೊಂದಾಗಿ ಉದುರಿದವು, ಕಾಯಿ ಕಟ್ಟಲೇ ಇಲ್ಲ. ಮೆಣಸಿನಕಾಯಿ ಮೇಲೆ ಬಿಳಿ ಕಾಗದ ಅಂಟಿಸಿದ ಹಾಗೆ ಮಚ್ಚೆ ಬಂತು. ಇತ್ತ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿದ ಹೊಸ ಬೈಕಿನ ಸೀಟು ಮಧ್ಯಾಹ್ನ ದೋಸೆ ಹೆಂಚು. ಅಜ್ಜಿ "ಕೂತ್ಕಳಪ್ಪಾ, ಕೂತ್ಕಾ" ಅಂತ ನಗ್ತಿದ್ರು.

ಭಾಗ 3/9

ಬಿಸಿಲು ಬಿಸಿಲೇ ಅಂದಿದ್ದೆನಲ್ಲ, ಅದು ಯಾಕೆ ತಪ್ಪು ಅಂತ ಮೊದಲು ಹೇಳ್ತೀನಿ.

ಬೆಳಿಗ್ಗೆ ಒಂಬತ್ತೂವರೆಗೂ ಮಧ್ಯಾಹ್ನ ಮೂರಕ್ಕೂ ಸೂರ್ಯನ ಎತ್ತರ ಹೆಚ್ಚುಕಮ್ಮಿ ಒಂದೇ. ಆದ್ರೆ ಬೆಳಿಗ್ಗೆ ನೆಲ ರಾತ್ರಿಯ ತಂಪಲ್ಲಿರುತ್ತೆ, ಗಾಳಿಯೂ ತಂಪು. ಮೂರು ಗಂಟೆ ಹೊತ್ತಿಗೆ ನೆಲ, ಗೋಡೆ, ಗಾಳಿ ಎಲ್ಲ ಕಾದು ಕೂತಿರ್ತವೆ. ಅದರ ಮೇಲೆ ಪಡುವಲ ಬಿಸಿಲು ಓರೆಯಾಗಿ ಬಂದು ಗಿಡದ ಮೈಗೇ ಹೊಡೆಯುತ್ತೆ. ಮಧ್ಯದಲ್ಲಿ ಸಿಮೆಂಟ್ ನೆಲ ಇದ್ರೆ ಅದು ಕುಡಿದ ಬಿಸಿಯನ್ನ ಕತ್ತಲಾದ ಮೇಲೂ ಕಕ್ಕುತ್ತೆ. ನಾವು ತಡೆಯೋ ಮರ ತೆಗೆದು ಆ ಜಾಗದಲ್ಲೇ ಕಾಯೋ ಹಂಚು ಹಾಸಿದ್ವಿ.

ಇನ್ನೊಂದು ವಿಷಯ. ಏಪ್ರಿಲ್ ಕೊನೆಯ ವಾರದಲ್ಲಿ ನಮ್ಮ ಕಡೆ ಒಂದು ದಿನ ಮಧ್ಯಾಹ್ನ ಸೂರ್ಯ ನೇರ ನೆತ್ತಿ ಮೇಲೆ ಬರ್ತಾನೆ. ನೆಟ್ಟ ಕೋಲಿಗೆ ನೆರಳೇ ಬೀಳಲ್ಲ. ಶೂನ್ಯ ನೆರಳಿನ ದಿನ ಅಂತ ಹೈಸ್ಕೂಲಲ್ಲಿ ವಿಜ್ಞಾನದ ಮೇಷ್ಟ್ರು ತೋರಿಸಿದ್ದು ನೆನಪಿದೆಯಾ? ಅಂದ್ರೆ ಬೇಸಿಗೆಯಲ್ಲಿ ಹಿತ್ತಲಿಗೆ ಎರಡು ಬಿಸಿಲು ತಡೀಬೇಕು. ನೆತ್ತಿ ಮೇಲಿಂದ ಬರೋದು ಒಂದು, ಪಡುವಲದಿಂದ ಬರೋದು ಒಂದು. ಬೆಳಗಿನ ಮೂಡಲ ಬಿಸಿಲನ್ನ ತಡೆಯಬಾರದು, ಅದು ಗಿಡದ ಊಟ. ಹೆಚ್ಚಿನ ತರಕಾರಿಗೆ ದಿನಕ್ಕೆ ಸುಮಾರು ಆರು ಗಂಟೆ ಬಿಸಿಲು ಬೇಕೇ ಬೇಕು.

ಈಗ ಗಿಡದ ಕತೆ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ತಂಪಾಗದೇ ಇದ್ರೆ ಟೊಮ್ಯಾಟೊ ಹೂವಿನ ಪರಾಗ ಕೆಡುತ್ತೆ. ಪರಾಗ ಕೆಟ್ಟ ಹೂವು ಕಾಯಿ ಕಟ್ಟಲ್ಲ, ಉದುರುತ್ತೆ. ಅದಕ್ಕೆ ನೀರು ಜಾಸ್ತಿ ಹಾಕಿದ್ರೆ ಏನೂ ಪ್ರಯೋಜನ ಇಲ್ಲ, ಗೊಬ್ಬರ ಹಾಕಿದ್ರೂ ಇಲ್ಲ. ಮೆಣಸಿನಕಾಯಿ, ಟೊಮ್ಯಾಟೊ ಮೇಲೆ ಬರೋ ಬಿಳಿ ಮಚ್ಚೆ ರೋಗ ಅಲ್ಲ, ಬಿಸಿಲ ಸುಟ್ಟ ಗಾಯ. ಬಿಸಿಲಿಗೆ ಮುಖ ಮಾಡಿದ ಬದಿಗೆ ಮಾತ್ರ ಬಂದಿದೆಯಾ ಅಂತ ನೋಡಿ, ಗೊತ್ತಾಗುತ್ತೆ. ನಾನು ಅದನ್ನ ರೋಗ ಅಂತ ತಿಳ್ಕೊಂಡು ಔಷಧಿ ತಂದು ಹೊಡೆದೆ. ಸುಟ್ಟ ಗಾಯಕ್ಕೆ ಜ್ವರದ ಮಾತ್ರೆ ಕೊಟ್ಟಂಗೆ.

ಭಾಗ 4/9

ಈ ಭಾಗದ ಫೋಟೋದಲ್ಲಿ ಕಾಣೋದು ನನ್ನ ಹಸಿರು ನೆಟ್. ಈಗ ಅದು ಕೋಳಿ ಗೂಡಿನ ಮೇಲಿದೆ, ಅದೂ ತುಂಡು ತುಂಡಾಗಿ.

ಏಪ್ರಿಲ್ ಮೊದಲ ವಾರ ಆನ್‌ಲೈನಲ್ಲಿ 1,150 ರೂಪಾಯಿ ಕೊಟ್ಟು ತರಿಸಿದೆ. 75 ಪರ್ಸೆಂಟ್ ಇರೋದನ್ನೇ ತಗೊಂಡೆ, ಯಾಕಂದ್ರೆ ಮಾರ್ಕ್ಸ್ ಥರ ಪರ್ಸೆಂಟ್ ಜಾಸ್ತಿ ಇದ್ದಷ್ಟೂ ಒಳ್ಳೇದು ಅಂದ್ಕೊಂಡೆ. ಆ ಪರ್ಸೆಂಟ್ ಅಂದ್ರೆ ನೆಟ್ ಎಷ್ಟು ಬೆಳಕು ತಡೆಯುತ್ತೆ ಅನ್ನೋ ಲೆಕ್ಕ. 75 ಅಂದ್ರೆ ಗಿಡಕ್ಕೆ ಸಿಗೋದು ಕಾಲು ಭಾಗ ಬೆಳಕು ಮಾತ್ರ. ಅದು ನೆರಳಲ್ಲೇ ಬೆಳೆಯೋ ಅಲಂಕಾರದ ಗಿಡಗಳಿಗೆ ಸರಿ. ತರಕಾರಿಗೆ 35ರಿಂದ 50 ಸಾಕು.

ಎರಡನೇ ತಪ್ಪು, ನಾಲ್ಕು ಅಡಿ ಗೂಟ ನೆಟ್ಟು ಗಿಡದ ತಲೆಗೆ ತಾಗೋ ಹಾಗೆ ಕಟ್ಟಿದ್ದು. ಗಾಳಿ ಆಡಲಿಲ್ಲ, ಒಳಗೆ ಧಗೆ ನಿಂತುಬಿಡ್ತು. ಗಿಡ ಬೆಳಕು ಹುಡುಕ್ಕೊಂಡು ಸೊರಗಿ ಉದ್ದ ಆಯ್ತು, ಹೂವು ಕಮ್ಮಿ ಆಯ್ತು, ಎಲೆ ಕೆಳಗೆ ಬಿಳಿ ನೊಣ ಸಂಸಾರ ಹೂಡಿದವು. ಮೂರನೇ ತಪ್ಪು, ನಾಲ್ಕೂ ಕಡೆ ಬಿಗಿಯಾಗಿ ಎಳೆದು ಕಟ್ಟಿದ್ದು. ಮೇ ತಿಂಗಳಲ್ಲಿ ಗಾಳಿ ಮಳೆ ಒಂದೇ ಸಂಜೆ ಬಂದು ಗೂಟದ ಸಮೇತ ಕಿತ್ತು ಪಕ್ಕದ ಮನೆ ಹಂಚಿನ ಮೇಲೆ ಹಾಕ್ತು. ಪಕ್ಕದ ಮನೆ ಅತ್ತೆ, "ನಿಮ್ಮ ಹಿತ್ತಲು ನಮ್ಮನೆಗೆ ಬಂದೈತೆ ನೋಡು ಬಾರಪ್ಪ" ಅಂತ ಕೂಗಿದ್ರು.

ಕಾಮರ್ಸ್ ಓದೋರಿಗೆ ಇದನ್ನ ಹೇಳೋದು ಸುಲಭ. ಒಳ್ಳೆ ನೆಟ್ ಮೂರ್ನಾಲ್ಕು ವರ್ಷ ಬಾಳುತ್ತೆ, ಪ್ರತಿ ವರ್ಷ ಡಿಪ್ರಿಸಿಯೇಷನ್ ಬರೀಬೇಕು. ನಾನು ಎರಡೇ ತಿಂಗಳಲ್ಲಿ ಪೂರ್ತಿ ಬರೆದು ಮುಗಿಸಿದೆ, ಸ್ಕ್ರ್ಯಾಪ್ ವ್ಯಾಲ್ಯೂ ಸೊನ್ನೆ. ಆ ಕಡೆ ಪುಕ್ಕಟೆ ನೆರಳು ಕೊಡ್ತಿದ್ದ, ವರ್ಷ ವರ್ಷ ಬೆಲೆ ಏರ್ತಿದ್ದ ಆಸ್ತಿಯನ್ನ ಸೌದೆ ರೇಟಿಗೆ ರೈಟ್ ಆಫ್ ಮಾಡಿದ್ವಿ. ಇಂಥಾ ಬ್ಯಾಲೆನ್ಸ್ ಶೀಟ್ ಪರೀಕ್ಷೇಲಿ ಬರೆದ್ರೆ ಮೇಡಂ ಪೇಪರ್ ಮುಖಕ್ಕೆ ಎಸೀತಾರೆ.

ನೆಟ್ ಬೇಡ ಅಂತ ನಾನು ಹೇಳ್ತಿಲ್ಲ. ಮರ ಇಲ್ಲದವರಿಗೆ, ತಾರಸಿ ಮೇಲೆ ಬೆಳೆಯೋರಿಗೆ ಅದೇ ಗತಿ. ಆದ್ರೆ ನೆಟ್ ಅನ್ನೋದು ಕೈಸಾಲದ ಹಾಗೆ. ಮರ ಬೆಳೆಯೋವರೆಗೆ ಹೊತ್ತು ಕಳೆಯೋಕೆ ಅಷ್ಟೇ.

ಭಾಗ 5/9

ಈಗ ನೀರಿನ ಲೆಕ್ಕ. ಇಡೀ ಸೀರೀಸ್‌ನಲ್ಲಿ ನೀವು ಒಂದೇ ಭಾಗ ಓದ್ತೀರಿ ಅನ್ನೋದಾದ್ರೆ ಇದನ್ನ ಓದಿ.

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ಅಂದ್ರೆ ಸರಿಯಾಗಿ ಒಂದು ಲೀಟರ್. ನಮ್ಮ ಬಯಲು ಸೀಮೆಯ ಏಪ್ರಿಲ್ ಬಿಸಿಲು ದಿನಕ್ಕೆ ಸುಮಾರು 6-7 ಮಿಲಿಮೀಟರ್ ನೀರನ್ನ ಎಳ್ಕೊಳ್ಳುತ್ತೆ. ನಮ್ಮ ಹಿತ್ತಲು ಹನ್ನೊಂದು ಚದರ ಮೀಟರ್. ಅಂದ್ರೆ ದಿನಕ್ಕೆ 70 ಲೀಟರ್ ಮೇಲೆ. ನಮ್ಮ ಪ್ಲಾಸ್ಟಿಕ್ ಬಿಂದಿಗೆ 15 ಲೀಟರಿಂದು, ಹೆಚ್ಚುಕಮ್ಮಿ ಐದು ಬಿಂದಿಗೆ. ಪಕ್ಕದಲ್ಲಿ ಕಾದ ಸಿಮೆಂಟು, ಮೇಲೆ ಬಿಸಿ ಗಾಳಿ, ಅಕ್ಕಪಕ್ಕ ಹರಿದು ಹೋಗೋದು ಎಲ್ಲ ಸೇರಿಸಿದ್ರೆ ಇನ್ನೂ ಜಾಸ್ತಿ.

2024ರ ಬೇಸಿಗೆಯಲ್ಲಿ ಅಮ್ಮ ದಿನಕ್ಕೆ ಎಂಟು ಬಿಂದಿಗೆ ಹಾಕ್ತಿದ್ರು. ಬೀದಿ ಕೊನೆಯ ಟ್ಯಾಂಕಿನ ನಲ್ಲಿಯಿಂದ, ಸೊಂಟದ ಮೇಲೆ ಹೊತ್ತು. ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು. ಮಾರ್ಚಿಂದ ಮೇ ಕೊನೆವರೆಗೆ 92 ದಿನ. ಕ್ಯಾಲ್ಕುಲೇಟರ್ ತೆಗೀರಿ. 736 ಬಿಂದಿಗೆ. ಒಂದಕ್ಕೆ 15 ಕೆಜಿ. ಒಟ್ಟು 11,040 ಕೆಜಿ.

ಹನ್ನೊಂದು ಟನ್. ಒಂದು ಲಾರಿ ಲೋಡು. ಅಮ್ಮನ ಸೊಂಟದ ಮೇಲೆ. ಇಷ್ಟೆಲ್ಲ ಹೊತ್ತಿದ್ದಕ್ಕೆ ಸಿಕ್ಕಿದ್ದು ಸ್ವಲ್ಪ ಬದನೆಕಾಯಿ, ನಾಲ್ಕು ಸಲ ಸೊಪ್ಪು, ಸುಟ್ಟ ಮೆಣಸಿನಕಾಯಿ.

ಈ ಲೆಕ್ಕ ನಾನು ಹಾಕಿದ್ದು ಆ ಬೇಸಿಗೆಯಲ್ಲಲ್ಲ. ಬಿಕಾಂ ಸೇರಿದ ಮೇಲೆ ಕಾಸ್ಟ್ ಅಕೌಂಟಿಂಗ್ ಕ್ಲಾಸಲ್ಲಿ ಕೂಲಿ, ಕಚ್ಚಾ ಸಾಮಗ್ರಿ ಅಂತ ಬರೀತಾ ಇರೋವಾಗ ಸುಮ್ಮನೆ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದೆ. ಬರೆದ ಮೇಲೆ ಆ ಪೀರಿಯಡ್ ಪೂರ್ತಿ ಏನೂ ತಲೆಗೆ ಹೋಗಲಿಲ್ಲ.

ಹಿತ್ತಲ ತರಕಾರಿ ಫ್ರೀ ಅಂತ ನಾವೆಲ್ಲ ಹೇಳ್ತೀವಿ. ಅಮ್ಮನ ಕೂಲಿ ಸೊನ್ನೆ ಅಂತ ಬರೆದಾಗ ಮಾತ್ರ ಅದು ಫ್ರೀ. ಇದು ನಮ್ಮನೆ ಒಂದರ ಕತೆಯೂ ಅಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಮಾಡಿದ ಸಮಯ ಬಳಕೆ ಸಮೀಕ್ಷೆ ಪ್ರಕಾರ ಮನೆಯ ಸಂಬಳವಿಲ್ಲದ ಕೆಲಸ ಮಾಡೋ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಾರೆ, ಮಾಡೋ ಗಂಡಸರು ಕೊಡೋದು 97 ನಿಮಿಷ. ನಮ್ಮ ಮನೇಲಿ ಆ 97ನ್ನೂ ಯಾರು ಮಾಡ್ತಿದ್ದರೋ ನನಗೆ ಗೊತ್ತಿಲ್ಲ. ನಾನಂತೂ ಅಲ್ಲ.

ಭಾಗ 6/9

"ಸಂತೇಲಿ ಹತ್ತಿಪ್ಪತ್ತು ರೂಪಾಯಿಗೆ ಒಂದು ಕಟ್ಟು ಸೊಪ್ಪು ಸಿಗುತ್ತೆ, ಬೇಸಿಗೆಯಲ್ಲಿ ಹಿತ್ತಲೇ ಬೇಡ ಬಿಡೋ" ಅಂತ ನನ್ನ ಫ್ರೆಂಡ್ ಹೇಳಿದ. ಮೇಲಿನ ಲೆಕ್ಕ ನೋಡಿದ್ರೆ ಅವನು ಹೇಳೋದು ಸರಿ ಅನ್ಸುತ್ತೆ. ನಾನೂ ಅಮ್ಮಂಗೆ ಅದನ್ನೇ ಹೇಳಿದೆ. ಅಮ್ಮ ಒಪ್ಪಲಿಲ್ಲ. "ಕೈ ತೊಳೆದ ನೀರಿಗೆ ಒಂದು ಗಿಡ ಬದುಕುತ್ತೆ ಅಂದ್ರೆ ಯಾಕೆ ಬಿಡ್ಲಿ? ನಂಗೆ ಹಿತ್ತಲು ಭಾರ ಅಲ್ಲ, ಬಿಂದಿಗೆ ಭಾರ" ಅಂದ್ರು.

ಆ ಮಾತು ನನಗೆ ಪಾಠ ಆಯ್ತು. ನಿಲ್ಲಿಸಬೇಕಾಗಿರೋದು ಹಿತ್ತಲನ್ನಲ್ಲ, ಇಳಿಸಬೇಕಾಗಿರೋದು ಬಿಂದಿಗೆಯನ್ನ. ಹೋದ ಬೇಸಿಗೆ ನಾವು ಮಾಡಿದ್ದು ಇಷ್ಟು.

ಮೊದಲು ಮಣ್ಣಿಗೆ ಹೊದಿಕೆ. ಬರಿ ಮಣ್ಣು ಬಿಸಿಲಿಗೆ ತೆರೆದಿದ್ರೆ ನೀರು ಗಿಡಕ್ಕಿಂತ ಮೊದಲು ಆಕಾಶಕ್ಕೆ ಹೋಗುತ್ತೆ. ಹೊಸದುರ್ಗ ತಾಲ್ಲೂಕಲ್ಲಿ ತೆಂಗಿನ ಗರಿಗೆ, ತೆಂಗಿನ ಸಿಪ್ಪೆಗೆ ಬರವಾ? ಗರಿ ಕತ್ತರಿಸಿ, ಸಿಪ್ಪೆ ಮಗುಚಿ ಹಾಕಿ, ಮೇಲೆ ರಾಗಿ ಹುಲ್ಲು, ಶೇಂಗಾ ಹೊಟ್ಟು ನಾಲ್ಕು ಬೆರಳು ದಪ್ಪ ಹರಡಿದ್ವಿ. ಬುಡಕ್ಕೆ ತಾಗಿಸಬೇಡಿ, ಒಂದು ಗೇಣು ಬಿಡಿ, ಇಲ್ಲಾಂದ್ರೆ ಗೆದ್ದಲು ಬರುತ್ತೆ, ಕಾಂಡ ಕೊಳೆಯುತ್ತೆ.

ಎರಡನೇದು ಚಪ್ಪರ. ನೆತ್ತಿ ಬಿಸಿಲಿಗೆ ಏಳು ಅಡಿ ಎತ್ತರಕ್ಕೆ ಗಳ ಕಟ್ಟಿ ಹೀರೆ, ಹಾಗಲ ಬಳ್ಳಿ ಹಬ್ಬಿಸಿದ್ವಿ. ಬಳ್ಳಿ ಹಬ್ಬೋಕೆ ಟೈಮ್ ಬೇಕು, ಅದಕ್ಕೆ ಸಂಕ್ರಾಂತಿ ಆದ ಕೂಡಲೇ ಬೀಜ ಹಾಕ್ಬೇಕು. ಅಲ್ಲಿವರೆಗೆ ಅಮ್ಮನ ಹಳೆ ನೂಲಿನ ಸೀರೆ ಕಟ್ಟಿದ್ವಿ. ಗಾಳಿ ಜೋರಾದ್ರೆ ಬಿಚ್ಚೋಕೆ ಬರೋ ಹಾಗೆ ಜಾರುಗಂಟು. ಚಪ್ಪರದ ಕೆಳಗೆ ಕೊತ್ತಂಬರಿ, ಪಾಲಕ್, ಮೆಂತ್ಯ. ಇವು ಮೂರೂ ಉರಿ ಬಿಸಿಲಲ್ಲಿ ಬೇಗ ಹೂವಿಗೆ ಬಂದು ಕೆಡ್ತವೆ, ನೆರಳಲ್ಲಿ ಬದುಕ್ತವೆ.

ಮೂರನೇದು ಪಡುವಲ ಕಡೆ ಪರದೆ. 50 ಪರ್ಸೆಂಟ್ ನೆಟ್ ಇರೋರು ಅದನ್ನ ಚಾವಣಿ ಥರ ಅಲ್ಲ, ಪಶ್ಚಿಮಕ್ಕೆ ಗೋಡೆ ಥರ ನಿಲ್ಲಿಸಿ. ಇಲ್ಲದವರು ಹೆಣೆದ ತೆಂಗಿನ ಗರಿ ನಿಲ್ಲಿಸಿ. ನಾವು ನಿಲ್ಲಿಸಿದ್ದು ಗರಿನೇ, ಖರ್ಚು ಸುತಲಿ ದಾರದ್ದು ಮಾತ್ರ.

ಭಾಗ 7/9

ನೀರು ಹಾಕೋದರಲ್ಲೂ ನಮ್ಮ ತಪ್ಪುಗಳಿದ್ವು.

ಮಧ್ಯಾಹ್ನ ಎಲೆ ಜೋತು ಬಿದ್ದ ತಕ್ಷಣ ನೀರು ಸುರೀಬೇಡಿ. ಉರಿಯಲ್ಲಿ ಎಲೆ ಬಾಡೋದು ಎಷ್ಟೋ ಸಲ ಗಿಡ ತನ್ನನ್ನು ತಾನು ಕಾಪಾಡ್ಕೊಳ್ಳೋ ರೀತಿ, ಸಂಜೆ ತಾನಾಗೇ ಎದ್ದು ನಿಲ್ಲುತ್ತೆ. ಬೆಳಿಗ್ಗೆ ಆರಕ್ಕೂ ಬಾಡಿದೆ ಅಂದ್ರೆ ಅದು ಬಾಯಾರಿಕೆ. ಅನುಮಾನ ಇದ್ರೆ ಹೊದಿಕೆ ಸರಿಸಿ ಎರಡು ಇಂಚು ಬೆರಳು ಚುಚ್ಚಿ ನೋಡಿ. ತಂಪಾಗಿ ಮಣ್ಣು ಅಂಟಿದ್ರೆ ಇವತ್ತು ಬೇಡ.

ಬಿಸಿಲಲ್ಲಿ ಎಲೆ ಮೇಲೆ ನೀರು ಬಿದ್ರೆ ಹನಿ ಭೂತಗನ್ನಡಿ ಥರ ಎಲೆ ಸುಡುತ್ತೆ ಅಂತ ನಾವೆಲ್ಲ ನಂಬಿದ್ದೀವಿ. ಹಂಗೇರಿಯ ವಿಜ್ಞಾನಿಗಳು 2010ರಲ್ಲಿ ಪರೀಕ್ಷೆ ಮಾಡಿ ನಯವಾದ ಎಲೆ ಮೇಲೆ ಹಾಗೆ ಆಗಲ್ಲ ಅಂತ ತೋರಿಸಿದ್ರು. ಮಧ್ಯಾಹ್ನ ನೀರು ಬೇಡ ಅನ್ನೋಕೆ ಬೇರೆ ಕಾರಣ ಇದೆ, ಅರ್ಧ ನೀರು ಗಿಡಕ್ಕೆ ಸಿಗೋ ಮೊದಲೇ ಆವಿ. ಬಿಸಿಲಲ್ಲಿ ಬಿದ್ದಿರೋ ಪೈಪಿನೊಳಗಿನ ನೀರಂತೂ ಸ್ನಾನಕ್ಕೆ ಕಾಯಿಸಿದಂಗಿರುತ್ತೆ. ಬೆಳಿಗ್ಗೆ ಬೇಗ ಹಾಕಿ. ದಿನಾ ಮೇಲೆ ಮೇಲೆ ಚಿಮುಕಿಸೋ ಬದಲು ಎರಡು ದಿನಕ್ಕೊಮ್ಮೆ ಬೇರಿನ ತನಕ ಇಳಿಯೋ ಹಾಗೆ ಹಾಕಿ. ಬೇರು ನೀರನ್ನ ಹುಡುಕಿ ಕೆಳಗೆ ಹೋಗುತ್ತೆ, ಕೆಳಗೆ ತಂಪಿರುತ್ತೆ.

ಟೊಮ್ಯಾಟೊ ಸಾಲಿನ ಮಧ್ಯ ಎರಡು ಮಣ್ಣಿನ ಗಡಿಗೆ ಕತ್ತಿನವರೆಗೆ ಹೂತಿದ್ದೀವಿ. ತುಂಬಿ, ಬಾಯಿಗೆ ಮುಚ್ಚಳ ಇಟ್ರೆ ಆಯ್ತು. ಸುಟ್ಟ ಮಣ್ಣಿನ ಗೋಡೆಯಿಂದ ನೀರು ನಿಧಾನಕ್ಕೆ ಜಿನುಗಿ ಬೇರಿಗೆ ಹೋಗುತ್ತೆ. ಇದೇನು ರೀಲ್ಸ್‌ನವರ ಹೊಸ ಸಂಶೋಧನೆ ಅಲ್ಲ, ಎರಡು ಸಾವಿರ ವರ್ಷದ ಹಿಂದಿನ ಚೀನಾದ ಕೃಷಿ ಪುಸ್ತಕದಲ್ಲೇ ಇದರ ವಿವರಣೆ ಇದೆ. ನುಣುಪು ಬಣ್ಣ ಬಳಿದ ಗಡಿಗೆ ಬೇಡ, ಜಿನುಗಲ್ಲ. ಕುಂಬಾರರ ಹತ್ರ ಸಾದಾ ಗಡಿಗೆ ಕೇಳಿ. ಅಕ್ಕಿ ತೊಳೆದ, ತರಕಾರಿ ತೊಳೆದ ನೀರು ನೇರ ಪಾತಿಗೆ ಹೋಗಲಿ. ಸೋಪಿನ ನೀರು ಬೇಡ.

ಇನ್ನು ಏನು ಬೆಳೀಬೇಕು? ಬಿಸಿಲಿಗೆ ಹೆದರದ ಗಿಡ ಬೆಳೀರಿ. ಹರಿವೆ, ದಂಟು, ಗೋರಿಕಾಯಿ, ಅಲಸಂದೆ, ಬೆಂಡೆ, ಬದನೆ. ಟೊಮ್ಯಾಟೊ ಹಟ ಮಾಡ್ಬೇಡಿ. ಹೋದ ವರ್ಷ ನಾವು ಎರಡು ಸಾಲಿಗೇ ನಿಲ್ಲಿಸಿದ್ವಿ, ಏಪ್ರಿಲ್‌ನಲ್ಲಿ ಹೂವು ಉದುರಿದ್ರೆ ಉದುರಲಿ ಅಂತ ಗಿಡ ಉಳಿಸ್ಕೊಂಡ್ವಿ. ಮಳೆ ಬಿದ್ದ ಮೇಲೆ ಅದೇ ಗಿಡ ಮತ್ತೆ ಹೂವಾಯ್ತು. ಹೆಚ್ಚಿನ ಮಾಹಿತಿ ಬೇಕಿದ್ರೆ ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಪಕ್ಕದ ತಾಲ್ಲೂಕು ಅಷ್ಟೇ. ರೀಲ್ಸ್‌ಗಿಂತ ಅವರನ್ನ ಕೇಳೋದು ವಾಸಿ.

ಭಾಗ 8/9

ಇಷ್ಟೆಲ್ಲ ಮಾಡಿದ್ಮೇಲೆ ಹೋದ ಬೇಸಿಗೆ ದಿನಕ್ಕೆ ಎಷ್ಟು ಬಿಂದಿಗೆ ಅಂದ್ರೆ, ನಾಲ್ಕು. ಎಂಟರಿಂದ ನಾಲ್ಕು. ಹನ್ನೊಂದು ಟನ್ನಿಂದ ಐದೂವರೆ. ಮರ ಇದ್ದಾಗ ಎಷ್ಟು ಹಾಕ್ತಿದ್ರಿ ಅಂತ ಅಜ್ಜಿನ ಕೇಳಿದೆ. "ನಾಕೋ ಐದೋ, ಯಾರು ಎಣಿಸ್ಯಾರು" ಅಂದ್ರು. ಅಂದ್ರೆ ಒಂದು ಹೊಂಗೆ ಮರ ಸದ್ದಿಲ್ಲದೆ ಮಾಡ್ತಿದ್ದ ಕೆಲಸವನ್ನ ನಾವು ಗಳ, ಸೀರೆ, ಗರಿ, ಹುಲ್ಲು, ಗಡಿಗೆ ಎಲ್ಲ ಸೇರಿಸಿ ಹೆಂಗೋ ಮಾಡಿದ್ವಿ. ಅದೂ ಪ್ರತಿ ವರ್ಷ ಮತ್ತೆ ಕಟ್ಟಬೇಕು.

"ಮರ ಇದ್ರೆ ಕೆಳಗೆ ತರಕಾರಿ ಬರಲ್ಲ, ಬೇರು ನೀರು ಕುಡಿಯುತ್ತೆ" ಅಂತ ಕಾಮೆಂಟ್ ಮಾಡೋಕೆ ಹೊರಟೋರು ಸ್ವಲ್ಪ ನಿಲ್ಲಿ. ಅದು ನಿಜ. ಮರದ ಬುಡದಲ್ಲಿ ಬದನೆ ಬೆಳೀತೀನಿ ಅಂದ್ರೆ ಬರಲ್ಲ. ಆದ್ರೆ ಮರ ಪಶ್ಚಿಮದಲ್ಲಿ, ಹದಿನೈದು ಇಪ್ಪತ್ತು ಅಡಿ ದೂರದಲ್ಲಿ ಇದ್ರೆ ಬೆಳಗಿನ ಬಿಸಿಲು ಪೂರ್ತಿ ಸಿಗುತ್ತೆ, ಮೂರು ಗಂಟೆ ನಂತರದ ಉರಿಗೆ ಮಾತ್ರ ನೆರಳು ಚಾಚುತ್ತೆ. ನಮ್ಮ ಹೊಂಗೆ ಇದ್ದಿದ್ದು ಸರಿಯಾಗಿ ಹಾಗೇ. ಯಾರು ನೆಟ್ಟಿದ್ದು ಅಂತ ಕೇಳಿದ್ದಕ್ಕೆ ತಾತ ಅಂತೆ. ತಾತನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಮೇಲಾಗಿ ಹೊಂಗೆ ದ್ವಿದಳ ಜಾತಿ ಮರ, ಬೇರಿನ ಗಂಟಲ್ಲಿ ಸಾರಜನಕ ಹಿಡಿಯುತ್ತೆ, ಉದುರಿದ ಎಲೆ ಗೊಬ್ಬರ. ಬೇಸಿಗೆಗೆ ಮುಂಚೆ ಎಲೆ ಉದುರಿಸಿ, ಬಿಸಿಲು ಏರೋ ಹೊತ್ತಿಗೆ ಹೊಸ ಚಿಗುರಲ್ಲಿ ತುಂಬಿ ನಿಲ್ಲುತ್ತೆ. ನಾನು ಕಸ ಅಂದಿದ್ದು ಅದೇ ಎಲೆಯನ್ನ. ಈಗ ಹೊದಿಕೆಗೆ ಅಂತ ಬೇರೆಯವರ ತೋಟದಿಂದ ಚೀಲದಲ್ಲಿ ಹೊತ್ತು ತರ್ತಿರೋದೂ ಅದೇ ಎಲೆಯನ್ನ.

ಇನ್ನೊಂದು ಮಾತು. "ಈಗ ಡ್ಯಾಂ ತುಂಬಿದೆಯಲ್ಲ, ಬರ ಎಲ್ಲಿ?" ಅಂತಾರೆ. 1933ರಲ್ಲಿ ತುಂಬಿದ್ದ ವಾಣಿವಿಲಾಸ ಸಾಗರ 89 ವರ್ಷ ಆದ್ಮೇಲೆ 2022ರಲ್ಲಿ ಕೋಡಿ ಬಿತ್ತು. ನಾವೆಲ್ಲ ಹೋಗಿ ಫೋಟೋ ಹಾಕಿದ್ವಿ. ಮರುವರ್ಷವೇ ಬರ. 2025ರ ಜನವರಿಯಲ್ಲಿ ಮತ್ತೆ ಕೋಡಿ. ನಮ್ಮ ಸೀಮೆ ಆಕಾಶ ಹೀಗೇ, ಒಂದು ವರ್ಷ ಕೊಟ್ಟು ಇನ್ನೊಂದು ವರ್ಷ ಕಿತ್ಕೊಳ್ಳುತ್ತೆ. ಬರದ ವರ್ಷಗಳಲ್ಲಿ ತೆಂಗಿನ ತೋಟಗಳೇ ಒಣಗಿ ನಿಂತಿದ್ದನ್ನ ನೋಡಿದವರು ನಾವು. ತುಂಬಿದ ವರ್ಷ ಮರ ನೆಡದೇ ಇದ್ರೆ ಒಣಗಿದ ವರ್ಷ ನೆರಳು ಎಲ್ಲಿಂದ ಬರುತ್ತೆ?

ಭಾಗ 9/9

ಕೊನೆಯ ಫೋಟೋ. ಸಿಮೆಂಟ್ ನೆಲದ ಮೂಲೆ ಒಡೆದು ಮೂರಡಿ ಗುಂಡಿ ಮಾಡಿ ನೆಟ್ಟಿರೋ ಹೊಂಗೆ ಸಸಿ. 2024ರ ಜೂನಲ್ಲಿ, ಮೊದಲ ಮಳೆ ಬಿದ್ದ ವಾರ ನೆಟ್ಟಿದ್ದು. ನೆಲ ಒಡೆಯೋಕೆ ಅಪ್ಪ ಬೈತಾರೆ ಅಂದ್ಕೊಂಡಿದ್ದೆ. ಅವರು ಹಾರೆ ತಂದ್ಕೊಟ್ಟು ಸುಮ್ಮನೆ ನಿಂತ್ಕೊಂಡ್ರು. ಈಗ ಅದು ನನ್ನ ಎದೆ ಮಟ್ಟ ಇದೆ. ತರಕಾರಿ ಮೇಲೆ ಅದರ ನೆರಳು ಬೀಳೋಕೆ ಇನ್ನೂ ಐದಾರು ವರ್ಷ ಬೇಕು. ಅಷ್ಟೊತ್ತಿಗೆ ನಾನು ಎಲ್ಲಿ ಯಾವ ಆಫೀಸಲ್ಲಿ ಟ್ಯಾಲಿ ಎಂಟ್ರಿ ಮಾಡ್ತಿರ್ತೀನೋ. ಅಲ್ಲಿವರೆಗೆ ಅಂತ ಪಕ್ಕದಲ್ಲಿ ಎರಡು ನುಗ್ಗೆ ಕೊಂಬೆ ನೆಟ್ಟಿದ್ದೀವಿ. ನುಗ್ಗೆ ಬೇಗ ಬೆಳೆಯುತ್ತೆ, ನೆರಳು ತೆಳು, ಸೊಪ್ಪು ಕಾಯಿ ಲಾಭ.

ಬೈಕ್ ಈಗ ಬೀದಿಯಲ್ಲಿ ನಿಲ್ಲುತ್ತೆ.

ನಾನು ನಿಮ್ಮನ್ನ ಕೇಳೋದು ಮೂರೇ. ಒಂದು, ನಿಮ್ಮನೆಲಿ, ನೆಂಟರ ಮನೇಲಿ ಯಾರಾದ್ರೂ ಹಿತ್ತಲ ಮರ ಕಡಿಸ್ತೀವಿ ಅಂದ್ರೆ ಅದು ಯಾವ ದಿಕ್ಕಲ್ಲಿದೆ ಅಂತ ಮೊದಲು ನೋಡಿ. ಪಶ್ಚಿಮದಲ್ಲಿದ್ರೆ ಜಗಳ ಆಡಿಯಾದ್ರೂ ಉಳಿಸಿ. ಕೊಂಬೆ ಸವರಿದ್ರೆ ಸಾಕಾಗೋ ಕಡೆ ಬುಡಕ್ಕೆ ಕೊಡಲಿ ಯಾಕೆ?

ಎರಡು, ಈ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಹತ್ತು ನಿಮಿಷ ಹಿತ್ತಲಲ್ಲಿ ನಿಂತ್ಕೊಳ್ಳಿ. ಮೊಬೈಲ್ ಒಳಗಿಟ್ಟು. ಬಿಸಿಲು ಎಲ್ಲಿಂದ ಬರ್ತಿದೆ, ಯಾವ ಗೋಡೆ ಕಾಯ್ತಿದೆ, ಯಾವ ಗಿಡ ಮೊದಲು ಜೋತು ಬೀಳುತ್ತೆ ನೋಡಿ. ನೆಟ್ ಕೊಳ್ಳೋದು, ಚಪ್ಪರ ಹಾಕೋದು ಎಲ್ಲ ಆಮೇಲೆ ತೀರ್ಮಾನ ಮಾಡಿ.

ಮೂರನೇದು ಸ್ವಲ್ಪ ಕಷ್ಟ. ಒಂದು ವಾರ ಹಿತ್ತಲಿಗೆ ನೀರು ನೀವು ಹೊರಿ. ಹುಡುಗರಿಗೆ ಸ್ಪೆಷಲ್ಲಾಗಿ ಹೇಳ್ತಿದ್ದೀನಿ. ಮೋಟರ್ ಹಾಕಿ ಪೈಪ್ ಹಿಡಿಯೋದಲ್ಲ, ನಿಮ್ಮ ಅಮ್ಮ ಹೆಂಗೆ ತರ್ತಾರೋ ಹಂಗೇ ತನ್ನಿ. ನಾನು ಹೋದ ವರ್ಷ ಮಾರ್ಚಿಂದ ಹೊರ್ತಾ ಇದ್ದೀನಿ. ಮೊದಲ ದಿನ ಬೀದಿಯಲ್ಲಿ ಹುಡುಗರು ನಕ್ಕರು. ಮೂರನೇ ದಿನ ಸೊಂಟ ಹಿಡ್ಕೊಂಡ್ತು. ನಾಲ್ಕನೇ ದಿನ ತೆಂಗಿನ ಸಿಪ್ಪೆ ಹುಡುಕ್ಕೊಂಡು ಹೋದೆ. ಮೇಲೆ ಬರೆದಿರೋ ಹೊದಿಕೆ, ಚಪ್ಪರ, ಗಡಿಗೆ ಎಲ್ಲ ನನಗೆ ಹೊಳೆದಿದ್ದು ಪುಸ್ತಕ ಓದಿ ಅಲ್ಲ, ಬಿಂದಿಗೆ ನನ್ನ ಹೆಗಲಿಗೆ ಬಂದ ಮೇಲೆ. ಅಜ್ಜಿಗೆ, ಅಮ್ಮನಿಗೆ ಅದೆಲ್ಲ ಮೊದಲೇ ಗೊತ್ತಿತ್ತು. ಚಪ್ಪರಕ್ಕೆ ಗಳ ಹೊತ್ತು ತರೋರು, ಗುಂಡಿ ತೋಡೋರು ಮನೇಲಿ ಇರಲಿಲ್ಲ ಅಷ್ಟೇ. ನಾನು ಇದ್ದೆ, ಆದ್ರೆ ಇರಲಿಲ್ಲ.

ಈ ಬೇಸಿಗೆ ನಮ್ಮ ಗುರಿ ದಿನಕ್ಕೆ ಮೂರು ಬಿಂದಿಗೆ. ಮೇ ಕೊನೆಗೆ ಲೆಕ್ಕ ಹಾಕ್ತೀನಿ, ಸೋತ್ರೂ ಹಾಕ್ತೀನಿ. ನಿಮ್ಮ ಹಿತ್ತಲಲ್ಲಿ ಪಡುವಲ ಕಡೆ ಏನಿದೆ ಅಂತ ಕಾಮೆಂಟಲ್ಲಿ ಹೇಳಿ. ಮರ ಇದ್ರೆ ಅದರ ಫೋಟೋಗೆ ನನ್ನ ಟ್ಯಾಗ್ ಮಾಡಿ, ಸ್ಟೋರಿಗೆ ಹಾಕ್ತೀನಿ. ಸಿಮೆಂಟ್ ಇದ್ರೂ ಹೇಳಿ, ಒಟ್ಟಿಗೆ ನಾಚಿಕೆ ಪಡೋಣ. ಜೂನಲ್ಲಿ ಒಟ್ಟಿಗೆ ಗುಂಡಿ ತೋಡೋಣ.

#ಹಿತ್ತಲು #ಶ್ರೀರಾಂಪುರ #ಹೊಸದುರ್ಗ #ಬೇಸಿಗೆ #ಹೊಂಗೆನೆರಳು #ಪಡುವಲಬಿಸಿಲು #ಬಿಂದಿಗೆಲೆಕ್ಕ #ಬಿಕಾಂಹುಡುಗನಹಿತ್ತಲು